ನಮ್ಮ ಆಲ್ಬಮ್ಮಿನ ಏರುದನಿ

ಅಟ್ಟದ ಮೇಲಿನ ನಲವತ್ತೊಂದು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುತ್ತೇನೆಂದು ನನ್ನಾಕೆ ಗುಡುಗಿದ ದಿನವೇ ನನಗೆ ಆ ದಿವ್ಯ ಯೋಚನೆ ಹೊಳೆದದ್ದು.

“ಆಲ್ಬಮ್ ಮಾಡ್ತೀವಿ! ನಾವು ಮೂವರು ಹಾಡಿದ ಜನಪದ ಗೀತೆಗಳಲ್ಲಿ ಆಯ್ದ ಹನ್ನೆರಡು!” ಎಂದು ಘೋಷಿಸಿದೆ.

“ಆಯೋಕೆ ಹನ್ನೆರಡು ಸಿಗುತ್ತಾ?” ಎಂದಳು. (ಇಂಥ ಪ್ರಶ್ನೆಗೆ ಉತ್ತರ ಕೊಡಬಾರದೆಂಬುದೇ ಇಪ್ಪತ್ತೆಂಟು ವರ್ಷಗಳ ಸಂಸಾರದ ಸಾರ.)

ಮೂವರೆಂದರೆ ನಮ್ಮ ಬೀದಿಯ ದರ್ಜಿ, ನನ್ನ ಭಾವಮೈದುನ ಮತ್ತು ನಾನು. ಭಾನುವಾರದ ಬೆಳಗ್ಗೆ ನಮ್ಮ ಹಜಾರದಲ್ಲಿ, ಟೇಪ್ ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟು ಹಾಡುತ್ತಿದ್ದೆವು. ನಾವು ವೇದಿಕೆ ಹತ್ತಿದವರಲ್ಲ. ನಮ್ಮನ್ನು ಹತ್ತಿಸಿದವರೂ ಇಲ್ಲ. ದರ್ಜಿಯದು ಮುಖ್ಯ ದನಿ, ಭಾವಮೈದುನನದು ತಂಬೂರಿ, ನನ್ನದು ತಾಳ. ಆದರೆ ಹಾಡಿನ ತುದಿಯಲ್ಲಿ ಗಾಳಿಪಟದಂತೆ ಮೇಲೇರುವ ಏರುದನಿ ಇದೆಯಲ್ಲ, ಅದೂ ನನ್ನದೇ. ಕಣ್ಣು ಮುಚ್ಚಿ, ಕತ್ತು ಚಾಚಿ ಎತ್ತುತ್ತಿದ್ದೆ. ಕ್ಯಾಸೆಟ್ ಕೇಳಿದ ನೆಂಟರೆಲ್ಲ ಅದನ್ನೇ ಹೊಗಳುವರು. ನಾನು ವಿನಯದಿಂದ ತಲೆ ತಗ್ಗಿಸುವೆ.

ಯಾವ ಹಾಡು ಬೇಕೆಂಬುದರಲ್ಲಿ ನಾವು ಮೂವರೂ ಜುಟ್ಟು ಹಿಡಿದಾಡುವುದೊಂದು ಬಾಕಿಯಿತ್ತು. ಕೊನೆಗೆ ಆಯ್ಕೆಯನ್ನು ನನ್ನಾಕೆಗೇ ಒಪ್ಪಿಸಿದೆವು. ಅವಳು ಆರಿಸಿದ ಹನ್ನೆರಡರಲ್ಲೂ ಏರುದನಿ! ನನ್ನ ಎದೆ ಎರಡಂಗುಲ ಉಬ್ಬಿತು.

ಆ ಹನ್ನೆರಡು ಹಾಡಿನ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ನಾಲ್ವರೂ ಸ್ಟುಡಿಯೋಗೆ ಹೋದೆವು. ರೆಕಾರ್ಡಿಂಗಿನವನು ಹೆಡ್‌ಫೋನ್ ಹಾಕಿಕೊಂಡು ಮುಖ ಕಿವುಚಿದ. “ಸಾರ್, ಇಲ್ಲೊಂದು ಕೆಮ್ಮು ಇದೆ.”

“ತೆಗೆದುಬಿಡಪ್ಪ. ದೊಡ್ಡ ಸ್ವರದ ಹಿಂದೆ ಸಣ್ಣ ಕೆಮ್ಮು ಸಹಜ.”

“ಹಿಂದೆ ಅಲ್ಲ ಸಾರ್, ಜೊತೇಲೇ ಇದೆ. ಅದನ್ನ ತೆಗೆದ್ರೆ ಸ್ವರಾನೂ ಹೋಗುತ್ತೆ.”

ಸ್ಪೀಕರಿನಲ್ಲಿ ಕೇಳಿಸಿದ. ಏರುದನಿ ಮುಗಿಲಿಗೇರಿತು. ಅದರಡಿಯಲ್ಲಿ ಖೊಕ್ ಖೊಕ್ ಎಂದು ಕೆಮ್ಮುತ್ತಿದ್ದವನು ನಿಸ್ಸಂದೇಹವಾಗಿ ನಾನು.

ದರ್ಜಿ ಕನ್ನಡಕ ಮೇಲೆ ತಳ್ಳಿದ. “ಕೆಮ್ತಿರೋದು ನೀನು. ಹಾಗಾದ್ರೆ ಹಾಡ್ತಿರೋದು ಯಾರಯ್ಯಾ?”

“ಇನ್ಯಾರು? ನಾನೇ, ಅಡುಗೆಮನೆಯಿಂದ,” ಎಂದಳು ನನ್ನಾಕೆ. “ಆ ಜಾಗ ಬಂದಾಗಲೆಲ್ಲ ಇವರಿಗೆ ಕೆಮ್ಮು. ಹಾಡು ನಿಂತ್ರೆ ಮತ್ತೆ ಮೊದಲಿಂದ ಶುರು ಮಾಡ್ತಿದ್ರಿ. ಊಟಕ್ಕೆ ಹಾಕೋದು ಯಾವಾಗ?”

ನಾನು ಭಾವಮೈದುನನತ್ತ ತಿರುಗಿದೆ. “ನಿನಗೆ ಗೊತ್ತಿತ್ತೇನೋ?”

“ಗೊತ್ತಿತ್ತು ಭಾವ. ‘ಪಾಪ, ಹೇಳ್ಬೇಡ’ ಅಂದಿದ್ಲು ಅಕ್ಕ.”

ಆ ‘ಪಾಪ’ ಚುಚ್ಚಿದಷ್ಟು ಇನ್ಯಾವುದೂ ಚುಚ್ಚಲಿಲ್ಲ. ಆದರೂ ಇನ್ನೊಮ್ಮೆ ಹಾಕಿಸಿ ಕೇಳಿದೆ. ಎಂಥ ದನಿ! ಇಷ್ಟು ವರ್ಷ ನಾನು ಮೆಚ್ಚಿಕೊಂಡದ್ದು ನನ್ನನ್ನಲ್ಲ, ಹೆಂಡತಿಯನ್ನು. (ಇಂಥ ದಾಂಪತ್ಯನಿಷ್ಠೆ ಎಷ್ಟು ಜನರಿಗುಂಟು?)

ಆಲ್ಬಮ್ ಹೊರಬಂತು. ಹೊದಿಕೆಯ ಮೇಲೆ ಭಾವಮೈದುನ ಅಚ್ಚು ಹಾಕಿಸಿದ್ದ: “ಏರುದನಿ: ಅಕ್ಕ. ತಾಳ ಮತ್ತು ಕೆಮ್ಮು: ಭಾವ.” ಹಾಡುಗಳನ್ನು ಕೇಳಿದ ಗ್ರಂಥಾಲಯದವರು, ತಮ್ಮಲ್ಲಿ ಹಾಡಲು ಮೂವರೂ ಬರಬೇಕೆಂದು ಕರೆದರು. ಕೊನೆಗೂ ವೇದಿಕೆ! ನಾನು ಅಂದೇ ಅಂಗಿಗೆ ಇಸ್ತ್ರಿ ಹಾಕಿದೆ.

“ಮೂವರು ಅಂದ್ರೆ ದರ್ಜಿಯವರು, ನನ್ನ ತಮ್ಮ, ನಾನು ಕಣ್ರೀ,” ಎಂದಳು ನನ್ನಾಕೆ ಮೆತ್ತಗೆ. “ತಾಳ ದರ್ಜಿಯವರೇ ಹಾಕ್ತಾರಂತೆ.”

ಇವತ್ತು ಹಜಾರದಲ್ಲಿ ಮೂವರ ಅಭ್ಯಾಸ ಸಾಗಿದೆ. ನಾನು ಅಡುಗೆಮನೆಯಲ್ಲಿ ಅನ್ನ ನೋಡಿಕೊಳ್ಳುತ್ತಿದ್ದೇನೆ. ಸುಳ್ಳೇಕೆ ಹೇಳಲಿ, ಇಲ್ಲಿಂದ ಕೇಳಿದರೆ ಹಾಡು ಬಲು ಸೊಗಸು. ಕೆಮ್ಮು ಬಂದರೆ ಮಾತ್ರ ಹಿತ್ತಲಿಗೆ ಹೋಗತಕ್ಕದ್ದೆಂದು ಅಪ್ಪಣೆಯಾಗಿದೆ.