ನಮ್ಮ ಓಣಿಯ ಹಳ್ಳಕ್ಕೆ ಕುಬುಸ

ಶಾವಿಗೆ ಮಣೆಯ ಮೇಲೆ ಕುದುರೆ ಹತ್ತಿದವಳಂತೆ ಕೂತು ಹಿಟ್ಟು ಹೊಸೆಯುತ್ತಿದ್ದೆ. ಕೆಳಗಿನ ಸಾಲಿನ ಮನೆಯ ಗಿರಿಜವ್ವ ಎಳೆ ಹಿಡಿದು ಕೋಲಿಗೆ ಹಾಕುತ್ತಿದ್ದಳು. ಆರು ತಿಂಗಳ ಬಸುರಿ, ಸುಮ್ಮನೆ ಕೂಡು ಅಂದರೆ ಕೇಳುವವಳಲ್ಲ. ಸೊಪ್ಪಿನ ದರ ಹೇಳುವಷ್ಟು ಸಹಜವಾಗಿ ಹೇಳಿದಳು:

"ಅಕ್ಕಾ, ನಿಮ್ಮ ಸೋದರತ್ತೆ ಹಳ್ಳಕ್ಕೆ ಕುಬುಸ ಮಾಡ್ತಾರಂತೆ!"

ಬಸುರಿಗೆ ಮಾಡುವ ಕುಬುಸ ಹಳ್ಳಕ್ಕೆ! ನನ್ನ ಕೈ ಜಾರಿತು. ನೂಲಿನಂತೆ ಇಳಿಯುತ್ತಿದ್ದ ಶಾವಿಗೆ ಬಾವಿ ಹಗ್ಗದಷ್ಟು ದಪ್ಪವಾಯಿತು. ದೇವರ ದಯೆ, ಮಣೆಯಿಂದ ನಾನೇ ಉರುಳಿ ಗಿರಿಜವ್ವನ ಮೇಲೆ ಬೀಳಲಿಲ್ಲ.

ನಮ್ಮ ಮನೆಯವರ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ದಾವಣಗೆರೆಯ ಅರ್ಧ ಜನ ಹೇಳುತ್ತಿದ್ದರು. ನಾನಂತೂ ಒಪ್ಪುವವಳಲ್ಲ. ಹಾಲು ಕೆಡಬೇಕಾದರೂ ಒಂದು ಕಡೆ ನಿಂತಿರಬೇಕು. ಅತ್ತೆಯ ತಲೆ ಒಂದು ಕಡೆ ನಿಂತಿದ್ದನ್ನು ಕಂಡವರು ಯಾರು? ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಅವರ ಯಜಮಾನರು ಮಾತು ಕಡಿಮೆ ಎಂದು ಹೆಸರಾಗಿದ್ದರು. ಪಾಪ, ಮಾತಾಡಲು ಪಾಳಿ ಸಿಗಬೇಕಲ್ಲ! ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದರು. ಓಣಿಗೆಲ್ಲ ಅವರು ಅತ್ತೆಯೇ.

ಇನ್ನು ಹಳ್ಳದ ವಿಷಯ. ಆವರಗೆರೆ ಕಡೆಯಿಂದ ಇಳಿದು ನಮ್ಮ ಓಣಿಯ ಹಿಂದೆ ಹಾಯುವ ಈ ಹಳ್ಳ ಬೇಸಿಗೆಯಲ್ಲಿ ಆಡು ಮೇಯುವ ಜಾಗ, ಮಳೆಗಾಲದಲ್ಲಿ ಮಾತ್ರ ಅದಕ್ಕೆ ತಾನು ಹಳ್ಳ ಎಂಬ ನೆನಪು ಬರುತ್ತಿತ್ತು. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಗಿರಿಜವ್ವನ ಮೊದಲ ಹೆರಿಗೆಯ ದಿನವೇ ಕೆಳಗಿನ ಸಾಲಿಗೆ ನೀರು ನುಗ್ಗಿತು. ಒರಳುಗಳ ಮೇಲೆ ಮಂಚ ಏರಿಸಿ, ಅದರ ಮೇಲೆ ಹೆರಿಗೆ ಮಾಡಿಸಿದರು. ಮಂಚ ಬಾಣಂತಿ ಸಮೇತ ತೇಲಿ ಹೊರಟೀತೆಂದು ಅತ್ತೆ ಅದರ ಕಾಲು ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು. ತಾಯಿ ಮಗು ಎರಡೂ ಉಳಿದವು, ದೇವರು ದೊಡ್ಡವನು. ಈಗ ಗಿರಿಜವ್ವನಿಗೆ ಮತ್ತೆ ಆಷಾಢಕ್ಕೇ ದಿನ ತುಂಬುತ್ತಿತ್ತು. ಹಳ್ಳದಲ್ಲಿ ಹೂಳು ಮತ್ತಷ್ಟು ಏರಿತ್ತು. ಮುನ್ಸಿಪಾಲ್ಟಿಯನ್ನು ಕೇಳಿದರೆ ಈ ವರ್ಷ ಹಣವಿಲ್ಲ ಎನ್ನುವ ಉತ್ತರ.

ಸಂಜೆ ಅತ್ತೆ ನಮ್ಮ ಮನೆಗೇ ಬಂದರು. ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರಿಗೆ ಮರ್ಯಾದೆಯ ಚಿಂತೆ.

"ಅತ್ತೀ, ಹಳ್ಳ ಹೆಂಗೆ ಬಸುರಾಗ್ತೈತೆ? ಜನ ನಗ್ತಾರೆ."

"ನಗಲಿ ಬಿಡೋ. ನಗೋರು ನೋಡಾಕೆ ಬರ್ತಾರೆ. ಕುಬುಸಕ್ಕೆ ಬಂದೋರು ಬರಿಗೈಲಿ ಬರ್ತಾರೇನು? ಆಕಿ ಹೊಟ್ಟೆ ಆಗಲೇ ಮುಂದಕ್ಕೆ ಬಂದೈತೆ. ದಾರಿ ತುಂಬ ಹೂಳು, ಜಾಲಿ, ಒಡಕು ಗಡಿಗೆ ಇದ್ರೆ ಹೆರಿಗೆ ಹೆಂಗಾಗ್ಬೇಕು? ಅಡ್ಡ ತಿರುಗಿ ನಮ್ಮ ಮನೆಯಾಗೇ ಹೆರ್ತಾಳೆ!"

"ಬಸುರಿ ಅಂದಮೇಲೆ ಗಂಡ ಬೇಕಲ್ಲ?"

"ಅದಾನಲ್ಲ, ಮುನ್ಸಿಪಾಲ್ಟಿ! ತಾಳಿ ಕಟ್ಟಿ ತಿರುಗಿ ನೋಡದ ಗಂಡ. ಅವನು ನೋಡ್ಲಿಲ್ಲ ಅಂತ ತವರಿನವರು ನಾವು ಬಿಡಾಕಾಗ್ತೈತೇನು?"

ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಪೇಪರು ಅಲುಗಾಡುತ್ತಿದ್ದುದನ್ನು ನೋಡಿದರೆ ಒಳಗೆ ನಗು ನಡೆದಿತ್ತು.

ಮರುದಿನ ಕುಂಕುಮದ ಬಟ್ಟಲು ಹಿಡಿದು ಅತ್ತೆ ಮುನ್ಸಿಪಾಲ್ಟಿಗೆ ಹೊರಟರು. ನಾನೂ ಹೋದೆ, ಹಿಡಿದು ತರಲು ಒಬ್ಬರಾದರೂ ಬೇಕಲ್ಲ! ಓವರ್‌ಸಿಯರ್ ಕಡತದಿಂದ ತಲೆ ಎತ್ತದೆ ತಾವೇ ಶುರು ಮಾಡಿದರು.

"ಹಳ್ಳಕ್ಕೆ ದುಡ್ಡಿಲ್ಲಮ್ಮ, ಆಗಲೇ ಹೇಳೀನಿ."

"ದುಡ್ಡು ಯಾರು ಕೇಳಿದ್ರು? ಊಟಕ್ಕೆ ಕರಿಯಾಕೆ ಬಂದೀನಿ, ಬೀಗರೇ."

"ನಾನು ಯಾರಿಗೆ ಬೀಗ?"

"ಗೋಡೆ ಮ್ಯಾಲಿನ ನಕ್ಷೆಯಾಗೆ ಹಳ್ಳನ ನಿಮ್ಮದು ಅಂತ ಬರ್ಕೊಂಡೀರಿ. ಬರ್ಕೊಂಡಮೇಲೆ ನಿಮ್ಮನೆ ಸೊಸಿ. ಸೊಸಿ ಕುಬುಸ, ಗಂಡಿನ ಕಡೆಯವರು ಬರಬೇಕು. ಏನೂ ತರಬ್ಯಾಡ್ರಿ. ಬರಿಗೈಲಿ ಬಂದ್ರೂ ನಾವೇನು ಅನ್ನಲ್ಲ. ಓಣಿಯೋರು ಅಂದ್ರೆ ನಾನು ಜವಾಬ್ದಾರಳಲ್ಲ!"

ಓವರ್‌ಸಿಯರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, ಜನ ಅರ್ಧ ಭಾರ ಹೊತ್ತರೆ ಉಳಿದ ಅರ್ಧ ಹೊರುವಂತೆ ಮೇಲಿನವರಿಗೆ ಬರೆಯುತ್ತೇನೆ, ಹೂಳು ಹೊರಲು ಗಾಡಿ ಕೊಡಿಸುತ್ತೇನೆ ಅಂದರು. ಹೊರಗೆ ಬಂದಮೇಲೆ ಅತ್ತೆ ನನ್ನ ಕಿವಿಯಲ್ಲಿ, "ಹುಡುಗ ಒಳ್ಳೇನು. ಅವರ ಮನೆತನ ಸರಿ ಇಲ್ಲ, ಅಷ್ಟೆ" ಎಂದರು.

ಇನ್ನು ನಮ್ಮ ಅರ್ಧ! ಕೆಳಗಿನ ಸಾಲಿನವರು ತಮ್ಮ ಕೈಲಾದ್ದು ಒಪ್ಪಿಕೊಂಡರು. ಆದರೆ ಮೇಲಿನ ಓಣಿಯವರು? ಅಡತಿ ಅಂಗಡಿಯ ಸಾಹುಕಾರರ ಹೆಂಡತಿ ಬಾಗಿಲಲ್ಲೇ ನಿಂತು, "ನಮ್ಮ ಮನೆಗೆ ಒಂದು ಹನಿ ನೀರೂ ಬರಲ್ಲ. ನಾವ್ಯಾಕ ಕೊಡ್ಬೇಕು?" ಎಂದರು. ನ್ಯಾಯವಾದ ಮಾತೇ ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಅತ್ತೆ ಮಾತ್ರ ಬಹಳ ವಿನಯದಿಂದ ಕೇಳಿದರು:

"ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗ್ತೈತ್ರಿ?"

"ಕೆಳಗೆ, ಹಳ್ಳಕ್ಕೆ."

"ಹಂಗಾದ್ರೆ ನಾಳೆಯಿಂದ ಮನೆಯಾಗೇ ಇಟ್ಕೊಳ್ರಿ. ನಿಮ್ಮ ನೀರು, ನಿಮ್ಮ ಸೊತ್ತು. ನಮಗ್ಯಾಕ?"

ಸಾಹುಕಾರ್ತಿ ಒಳಗೆ ಹೋದರು. ಆಳುಗಳ ಊಟಕ್ಕೆಂದು ಒಂದು ಚೀಲ ಜೋಳ ಹೊರಗೆ ಬಂತು.

ಅಷ್ಟಕ್ಕೇ ನಿಂತರೆ ಅವರು ನಮ್ಮತ್ತೆ ಹೇಗಾದಾರು? ಹಳ್ಳದ ಅಕ್ಕನಾದ ಹೊಳೆಯನ್ನೂ ಕರೆಯಬೇಕೆಂದು ನನ್ನನ್ನು ರೈಲು ಹತ್ತಿಸಿ ಹರಿಹರಕ್ಕೆ ಕರೆದೊಯ್ದರು. ಹರಿಹರೇಶ್ವರನ ದರ್ಶನ ಮಾಡಿ, ಮೆಟ್ಟಿಲಿಳಿದು, ನೀರಿಗೆ ಅರಿಸಿನ ಕುಂಕುಮ ಹಾಕಿ ಗಟ್ಟಿಯಾಗಿ ಹೇಳಿದರು: "ಅಕ್ಕಾ, ನಿನ್ನ ತಂಗಿ ಕುಬುಸ. ನೀನು ಮಾತ್ರ ಬರಬ್ಯಾಡವ್ವ, ನೀನು ಬಂದ್ರೆ ನಮ್ಮ ಗತಿ ಏನು! ನಿನ್ನ ಊರಿನವರನ್ನ ಕಳಿಸು." ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನೇ ಬಿಟ್ಟರು. ಹೊಳೆಯ ಊರಿನವರ ಪೈಕಿ ಮೊದಲು ಸಿಕ್ಕಿಬಿದ್ದವನು ಪಕ್ಕದ ಗುತ್ತೂರಿನ ನಮ್ಮಣ್ಣ. ಅಕ್ಕನ ಕಡೆಯವರು ತಂಗಿಗೆ ಏನೂ ಕೊಡುವುದಿಲ್ಲವೇ ಎಂದು ಅವನ ಪಡಸಾಲೆಯಲ್ಲಿ ಅತ್ತೆ ಕೂತೇ ಬಿಟ್ಟರು. ಅಣ್ಣ ಎತ್ತು, ಗಾಡಿ, ಜೊತೆಗೆ ತಾನೂ ಬರುವುದಾಗಿ ಮಾತು ಕೊಟ್ಟ ಮೇಲೆಯೇ ಅವರು ಮಜ್ಜಿಗೆ ಕುಡಿದದ್ದು.

ಕುಬುಸದ ದಿನ ಹಳ್ಳದ ದಂಡೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಗಲು ಬಂದವರೇ ಹೆಚ್ಚು. ಬಂದವರೆಲ್ಲ ಬುಟ್ಟಿಯೋ ಸಲಿಕೆಯೋ ದುಡ್ಡೋ ತಂದಿದ್ದರು. ಆಗಷ್ಟೇ ಬಂದಿದ್ದ ನಯಾ ಪೈಸೆಗಳನ್ನು ಅತ್ತೆ ನಂಬದೆ ಒಂದೊಂದನ್ನೂ ಕಲ್ಲಿಗೆ ಬಡಿದು ನೋಡುತ್ತಿದ್ದರು. ಓವರ್‌ಸಿಯರ್ ಬೀಗರ ಗತ್ತಿನಲ್ಲೇ ಬಂದರು. ಅವರ ಮೇಲಧಿಕಾರಿಗಳು ಒಪ್ಪಿದ್ದರು, ಹಿಂದೆ ಎರಡು ಗಾಡಿ!

ಮಣೆಯ ಮೇಲೆ ಹಳ್ಳದಲ್ಲಿ ಒರತೆ ತೋಡಿ ತಂದ ನೀರಿನ ಬಿಂದಿಗೆ ಇಟ್ಟು, ಸೀರೆ ಉಡಿಸಿ, ಸೋಬಾನೆ ಹೇಳಿದೆವು. ಉಡಿ ತುಂಬಲು ಗಿರಿಜವ್ವ ಮೊರ ಹಿಡಿದು ಮುಂದೆ ಬಂದಳು. ಬಂದವಳು ನಿಂತಳು.

"ಬಿಂದಿಗೆ ಉಡಿ ಒಡ್ಡಾಕಾಗ್ತೈತಾ, ಅತ್ತೀ? ಯಾರಾದ್ರೂ ಆಕಿ ಪರವಾಗಿ ಕೂಡ್ಬೇಕು. ನೀವೇ ಕೂಡ್ರಿ."

ನಾನು ಅತ್ತೆಯ ಮುಖ ನೋಡಿದೆ. ಓಣಿಯ ಎಷ್ಟೋ ಕುಬುಸಗಳ ಅಡಿಗೆ ಅವರದೇ. ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಅವರಿಗೆ ಪ್ರತಿ ಸಲವೂ ಒಲೆಯ ಮೇಲಿನ ಪಾಯಸ ನೆನಪಾಗುತ್ತಿತ್ತು. ಮಕ್ಕಳಿಲ್ಲದವಳು ಎದುರಿಗೆ ನಿಂತಳು ಎಂದು ಯಾರಾದರೂ ಅನ್ನುವ ಮೊದಲೇ ಅವರು ಒಳಗೆ ಹೋಗಿಬಿಡುತ್ತಿದ್ದರು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪಾಯಸ ಚೆನ್ನಾಗಿದೆ ಎಂದು ಉಣ್ಣುತ್ತಿದ್ದೆವು.

"ನಂಗೇನು ಹುಚ್ಚೇನೇ? ಒಲೆ ಮ್ಯಾಲೆ ಪಾಯಸ..."

"ಇಳಿಸಿ ಬಂದೀನಿ, ಕೂಡ್ರಿ," ಎಂದು ಗಿರಿಜವ್ವ ಬಿಂದಿಗೆ ಎತ್ತಿ ಪಕ್ಕಕ್ಕಿಟ್ಟಳು.

ಅತ್ತೆ ಕೂತರು. ಸೆರಗು ಒಡ್ಡಿದರು. ಗಿರಿಜವ್ವ ಅಕ್ಕಿ, ಕೊಬ್ಬರಿ ಹಾಕಿ, ಮೇಲೊಂದು ಹಸಿರು ಕುಬುಸದ ಖಣ ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದೆವು. ಸಾಹುಕಾರ್ತಿ ಆರತಿ ಎತ್ತಿದರು. ನಗಲು ಬಂದವರು ಯಾಕೋ ನಗಲಿಲ್ಲ. ನಮ್ಮತ್ತೆ ಅಷ್ಟು ಹೊತ್ತು ಮಾತಿಲ್ಲದೆ ಕೂತಿದ್ದನ್ನು ಅವರ ಯಜಮಾನರೂ ಅದೇ ಮೊದಲು ನೋಡಿದ್ದು. ತಮ್ಮ ಪಾಳಿ ಬಂತೆಂದು ಅವರೇನೂ ಮಾತಾಡಲಿಲ್ಲ. ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು.

ಮಳೆಗೆ ಮೊದಲೇ ಹೂಳು, ಜಾಲಿ ಎಲ್ಲ ತೆಗೆದು ಹಳ್ಳ ಹಸನಾಯಿತು. ಆಷಾಢದಲ್ಲಿ ನೀರು ದಂಡೆಯ ಅಂಚಿನವರೆಗೂ ಬಂತು, ಬಂದು ತನ್ನ ಪಾಡಿಗೆ ಸಾಗಿ ಹೋಯಿತು. ಗಿರಿಜವ್ವನಿಗೆ ಒಣ ನೆಲದ ಮೇಲೆ ಹೆಣ್ಣುಮಗು ಹುಟ್ಟಿತು. ಸಣ್ಣ ದಯೆಯೇನು ಇದು?

ಮಗುವಿಗೆ ನೀರು ಹಾಕಿ ಬಂದ ಅತ್ತೆ ಆ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ಸೆರಗಿನೊಳಗಿಂದ ಹಸಿರು ಖಣ ತೆಗೆದರು.

"ಉಡಿ ಅಕ್ಕಿ, ರೊಕ್ಕ ಎಲ್ಲಾ ಆಳುಗಳಿಗೆ ಹೋತು. ಇದೊಂದು ಉಳಿದೈತೆ. ಹಳ್ಳದ್ದು." ಸ್ವಲ್ಪ ಹೊತ್ತು ಖಣದ ಅಂಚನ್ನು ಬೆರಳಿನಿಂದ ಸವರಿದರು. "ನಾನು ಹೊಲಿಸ್ಕೊಂಡ್ರೆ... ಆಕಿ ಏನಾರ ಅಂದ್ಕೊಂಡಾಳೇನೇ?"

"ಅಳತೆ ಕುಬುಸ ಕೊಡ್ರಿ ಅತ್ತೀ, ಇವತ್ತೇ ದರ್ಜಿಗೆ ಕೊಟ್ಟು ಬರ್ತೀನಿ," ಎಂದೆ.

ಅವರು ಅದನ್ನು ತರಲು ಮಳೆಯಲ್ಲೇ ಸರಸರ ನಡೆದರು. ನಾನು ಒಳಗೆ ಬಂದೆ. ಅಡಿಗೆ ಮನೆಯಲ್ಲಿ ಹಂಚು ಸೋರುವ ಕಡೆ ಇಟ್ಟಿದ್ದ ಪಾತ್ರೆ ತುಂಬಿತ್ತು. ಎತ್ತಿ ಹಿತ್ತಿಲಿಗೆ ಚೆಲ್ಲಿ, ಮತ್ತೆ ಅಲ್ಲೇ ಇಟ್ಟೆ.