ತಕರಾರಿದ್ರ ಹುನ್ನೂರಿಗೇ ಬರಬೇಕು

ನಮ್ಮ ಕಡಿ ಮಂದಿ ಫೋನಿನಾಗ ಸಾಮಾನು ತರಸೂದು ಕಲ್ತಾಗಿಂದ ನನ್ನ ವಕೀಲಕಿಯೊಳಗ ನಗೂ ಕೆಲಸ ಜಾಸ್ತಿ ಆಗೈತಿ. ವಾರಕ್ಕ ಒಂದರ ಹಿಂಥಾದ್ದು ಆಗತೈತಿ. ಜಮಖಂಡಿ ಕೋರ್ಟಿನ ಎದರಿಗೆ ನನ್ನದೊಂದು ಸಣ್ಣ ಆಫೀಸ ಐತಿ. ಮೊದಲ ಮಂದಿ ಬದು ಒತ್ತ್ಯಾರ, ದಾರಿ ಮುಚ್ಚ್ಯಾರ ಅಂತ ಬರ್ತಿದ್ರು. ಈಗ ಫೋನು ಮುಂದ ಹಿಡಕೊಂಡ ಬರ್ತಾರ. ಸಾಮಾನು ಕೆಟ್ಟಿರತೈತಿ. ಕಂಪನಿಗೆ ಕೇಳಿದ್ರ, "ನೀವು ಒಪ್ಪಿದ ಷರತ್ತಿನ ಪ್ರಕಾರ ತಕರಾರು ನಮ್ಮೂರ ಕೋರ್ಟಿನಾಗ ಮಾತ್ರ ನಡಿತೈತಿ" ಅಂತ ಉತ್ತರ ಬಂದಿರತೈತಿ.

"ನೀವು ಯಾಕ ಒಪ್ಪಿದ್ರಿ?" ಅಂತ ನಾ ಕೇಳತೀನಿ.

"ನಾ ಎಲ್ಲಿ ಒಪ್ಪೀನ್ರಿ? ಬಟನ್ ಐತಿ ಅಂತ ಒತ್ತೀನಿ" ಅಂತಾರ.

೧. ದಿಲ್ಲಿಗೆ ಬುತ್ತಿ

ಬನಹಟ್ಟಿಯ ಒಬ್ಬ ನೇಕಾರ ಹೆಂಡ್ತಿನ್ನ ಕರಕೊಂಡ ಬಂದ. ಹೆಗಲ ಮ್ಯಾಲೆ ಹಾಸಗಿ ಸುರುಳಿ, ಕೈಯಾಗ ಬುತ್ತಿ ಗಂಟು.

"ಎಲ್ಲಿಗೆ ಹೊಂಟೀರಿ?"

"ದಿಲ್ಲಿಗ್ರಿ. ಮಿಕ್ಸರ್ ಕೆಟ್ಟೈತಿ."

ಮಿಕ್ಸರ್ ಕೆಟ್ರ ದಿಲ್ಲಿಗೆ ಯಾಕ ಹೋಗಬೇಕು ಅಂತ ನನಗ ತಿಳೀಲಿಲ್ಲ. ಫೋನು ತೋರಿಸಿದ. ಎಲ್ಲಾ ತಕರಾರೂ ದಿಲ್ಲಿ ಕೋರ್ಟಿನಾಗ ಮಾತ್ರ ಅಂತ ಕಂಪನಿ ಬರದಿತ್ತು. ಇವ ಅದನ್ನ ಸಮನ್ಸು ಅಂತ ತಿಳಕೊಂಡು ಮಗ್ಗ ಬಂದ್ ಇಟ್ಟು ಬಂದಿದ್ದ.

"ಹೋಗಲಿಲ್ಲಂದ್ರ ವಾರಂಟ್ ಬರತೈತೇನ್ರಿ?" ಅಂತ ಸಣ್ಣ ದನಿಲೇ ಕೇಳಿದ.

"ಏನೂ ಬರೂದಿಲ್ಲ. ಕಂಪನಿ ಬೇಕಾದ್ದು ಬರಕೊಳ್ಳಲಿ. ಗ್ರಾಹಕ ತಾನಿರೂ ಜಿಲ್ಲಾದಾಗ ಅರ್ಜಿ ಹಾಕಬಹುದು ಅಂತ ಕಾಯ್ದೆನ ಐತಿ. ನಿಮಗ ಬಾಗಲಕೋಟಿ ಗ್ರಾಹಕ ಆಯೋಗ. ಅದೂ ಇಲ್ಲೆ ಕುಂತು ಕಂಪ್ಯೂಟರಿನಾಗ ಹಾಕೂಣು."

ಅವ ಹಾಸಗಿ ಸುರುಳಿ ಕೆಳಗಿಟ್ಟು ಅದರ ಮ್ಯಾಲೇ ಕುಂತ. ಜೀವ ಬಂತು. ಹೆಂಡ್ತಿ ಮಾರಿ ಮಾತ್ರ ಸಪ್ಪಗಾತು.

"ಅಂದ್ರ ಇವರು ದಿಲ್ಲಿಗೆ ಹೋಗೂದ ಇಲ್ಲೇನ್ರಿ?"

"ಇಲ್ಲವಾ."

"ವಕೀಲರ, ನಸಕಿನ್ಯಾಗ ಎದ್ದು ವಾರಕ್ಕಾಗುವಷ್ಟು ರೊಟ್ಟಿ ಬಡದೀನಿ. ಎರಡ ದಿನಕ್ಕರ ಕಳಸಾಕ ಬರೂವಂಥಾ ಕಾಯ್ದೆ ಏನರ ಐತೇನು, ಸ್ವಲ್ಪ ಪುಸ್ತಕ ತಗದ ನೋಡ್ರಿ."

೨. ಸಮುದ್ರದಾಗಿನ ನಾಯಿ

ಮುಧೋಳ ಕಡಿ ಬೇಟಿ ನಾಯಿ ಸಾಕಾವರಿಗೆ ನಾಯಿ ಅಂದ್ರ ಮನಿ ಮಗಾ ಇದ್ದಂಗ. ಅಂಥಾವ ಒಬ್ಬ ತನ್ನ ನಾಯಿಗೆ ಒಂದು ಕೊಳ್ಳಪಟ್ಟಿ ತರಿಸಿದ. ನಾಯಿ ಎಲ್ಲೇ ಹೋಗಲಿ, ಎಲ್ಲಿ ಐತಿ ಅಂತ ಫೋನಿನಾಗ ತೋರಸೂ ಪಟ್ಟಿ. ಪಟ್ಟಿ ಕಟ್ಟಿ ಫೋನು ನೋಡಿದ್ರ, ನಾಯಿ ಸಮುದ್ರದ ನಡಬರಕ ಇತ್ತು. ಹೊರಸಿನ ಕೆಳಗ ನೋಡಿದ್ರ, ನಾಯಿ ಮಲಗಿತ್ತು.

ಕಂಪನಿಗೆ ಬರದ. ಕಂಪನಿ, ಈ ಒಪ್ಪಂದಕ್ಕ ಕ್ಯಾಲಿಫೋರ್ನಿಯಾ ರಾಜ್ಯದ ಕಾಯ್ದೆ ಲಾಗೂ ಅಂತ ತಿರುಗಿ ಬರೀತು. ಮರುದಿನ ಅವ ನನ್ನ ಆಫೀಸಿಗೆ ಬಂದಾಗ ಪಟ್ಟಿ ಕಿಸೆದಾಗ ಇತ್ತು. ನಾಯಿ ಕೊಳ್ಳಾಗಿಂದ ತಗದಬಿಟ್ಟಿದ್ದ.

"ಪಟ್ಟಿ ಹೋಗಲಿ ಬಿಡ್ರಿ ವಕೀಲರ. ಇದನ್ನ ಕಟ್ಟಿದ ಮ್ಯಾಲೆ ನಾಯೀನೂ ಕ್ಯಾಲಿಫೋರ್ನಿಯಾ ಕಾಯ್ದೆದಾಗ ಬಂತೇನು?"

"ಇಲ್ಲ. ಯಾಕ?"

"ಮೊನ್ನೆ ಲೋಕಾಪುರ ಹೊಲದಾಗ ಒಂದು ಮೊಲದ ಬೆನ್ನ ಹತ್ತಿತ್ರಿ. ಅಲ್ಲಿ ಅದು ಗುನ್ಹೆ ಆದ್ರ?"

"ಅಲ್ಲೀದು ನನಗ ಗೊತ್ತಿಲ್ಲ. ಇಲ್ಲಂತೂ ಗುನ್ಹೇನ."

ಅವ ಸಮಾಧಾನದ ಉಸರು ಬಿಟ್ಟ. "ಇಲ್ಲೀದು ಬಿಡ್ರಿ. ಇಲ್ಲೀ ಕಾಯ್ದೆ ನಮ್ಮ ನಾಯಿಗೆ ರೂಢಿ ಐತಿ."

೩. ಹನ್ನೊಂದನೇ ಕಲಮು

ಹುನ್ನೂರಾಗ ಒಂದು ಕುರುಬರ ಮನಿ. ಮಾವ ಕಂಬಳಿ ನೇಯತಾನ, ಸೊಸಿ ಅದರ ಫೋಟೋ ಫೋನಿನಾಗ ಹಾಕಿ ಊರೂರಿಗೆ ಮಾರತಾಳ. ಮಾವಗ ಇದು ಒಂಚೂರೂ ಸೇರೂದಿಲ್ಲ. "ಗಿರಾಕಿ ಕಂಬಳಿ ಮುಟ್ಟಿ ನೋಡಬೇಕು, ನಾ ಗಿರಾಕಿ ಮಾರಿ ನೋಡಬೇಕು. ಒಂದ ಒಂದು ಕಂಬಳಿ ತಿರುಗಿ ಬರಲಿ, ಅವತ್ತ ನಿನ್ನ ಫೋನಿನ ವ್ಯಾಪಾರ ಬಂದ್. ಸಂತಿ ಏನ್ ಸತ್ತಿಲ್ಲ" ಅಂತ ನಾಕು ಮಂದಿ ಮುಂದ ಹೇಳಿಬಿಟ್ಟಿದ್ದ. ಸೊಸಿನೂ "ಆತ್ರಿ ಮಾವಾ" ಅಂದಿದ್ಲು.

ಅದಕ್ಕ ಆಕಿ ನನ್ನ ಕಡಿ ಬಂದ್ಲು. "ವಕೀಲರ, ದೊಡ್ಡ ಕಂಪನಿಯವರು ತಕರಾರಿದ್ರ ತಮ್ಮೂರಿಗೇ ಬರಬೇಕು ಅಂತ ಬರಕೋತಾರ. ಅಷ್ಟ ದೂರ ಯಾರ ಹೋಗ್ತಾರ ಅಂತ ಮಂದಿ ಸುಮ್ಮನಾಗತಾರ. ನಾನೂ ಉಣ್ಣಿ ಹಿಂಜೂ ಮಷಿನ್ ತರಿಸಿ, ಅದು ಕೆಟ್ಟಾಗ ಹಂಗ ಸುಮ್ಮನಾದೆ. ಈಗ ನನಗೂ ಒಂದು ಹಂಗ ಬರದ ಕೊಡ್ರಿ."

"ತಂಗೀ, ಅದು ಕಾಯ್ದೆ ಮುಂದ ನಿಲ್ಲೂದಿಲ್ಲ."

"ಅವರದರ ನಿಲ್ಲತೈತೇನ್ರಿ?"

"ಅವರದೂ ನಿಲ್ಲೂದಿಲ್ಲ."

"ಮತ್ತ ಬರಕೊಂಡಾರಲ್ರಿ?"

ನಾ ಹಾಳಿ ಎಳಕೊಂಡೆ. ಬರದೆ. ಒಟ್ಟ ಹನ್ನೊಂದು ಕಲಮು. ಕೊನೇದು ಹಿಂಗಿತ್ತು: "ಕಂಬಳಿಯ ಬಗ್ಗೆ ತಕರಾರು ಇದ್ದವರು ಹುನ್ನೂರಿನ ಬೀರೇಶ್ವರ ಗುಡಿಯ ಕಟ್ಟೆಗೆ ಬಂದು, ದೇವರ ಭಂಡಾರದ ಅರಿಶಿನ ಮುಟ್ಟಿ, ಹಿರಿಯರ ಮುಂದೆ ಹೇಳತಕ್ಕದ್ದು. ಅವರ ತೀರ್ಮಾನವೇ ಕೊನೆಯದು."

ಬರದಾವ ನಾ ಗಾಬರಿ ಆಗಬೇಕಾಗಿತ್ತು, ಆಗಲಿಲ್ಲ. ಷರತ್ತು ಪೂರಾ ಓದಿದ ಗಿರಾಕಿನ್ನ ನಾ ಈ ಜನ್ಮದಾಗ ಕಂಡಿದ್ದಿಲ್ಲ. ಖರೆ ಹೇಳಬೇಕಂದ್ರ, ಬರದ ಮ್ಯಾಲೆ ನಾನೂ ಓದಿದ್ದಿಲ್ಲ.

೪. ಓದಿದ ಮನಷ್ಯಾ

ಒಂದಿನ ಮುಂಜಾನೆ ಹತ್ತರ ಸುಮಾರಿಗೆ ಸೊಸಿ ಫೋನು ಮಾಡಿದ್ಲು. "ವಕೀಲರ, ಲಗೂ ಬರ್ರಿ. ಮೈಸೂರಿಂದ ಒಬ್ಬರು ಕಂಬಳಿ ತಗೊಂಡು ಬಂದಾರ."

"ಯಾಕ?"

"ಹನ್ನೊಂದನೇ ಕಲಮಿಗೆ!"

ಗಾಡಿ ಹೊಡಕೊಂಡು ಹೋದೆ. ಕಟ್ಟಿ ಮ್ಯಾಲೆ ಮೂರು ಮಂದಿ ಹಿರಿಯರು ಕುಂತಿದ್ರು. ಎದರಿಗೆ ಇಸ್ತ್ರಿ ಪ್ಯಾಂಟಿನ, ಕನ್ನಡಕದ ಒಬ್ಬ ರಿಟೈರ್ ಹೆಡ್‌ಮಾಸ್ತರು. ತೊಡಿ ಮ್ಯಾಲೆ ಕಂಬಳಿ, ಕಂಬಳಿ ಮ್ಯಾಲೆ ಫೈಲು. ಹಣಿ ಮ್ಯಾಲೆ ಆಗಲೇ ಭಂಡಾರ ಹಚ್ಚಿದ್ರು. ಮಾವ ಒಂದು ಕಡಿ ಕುಂತು ಮೀಸಿ ತಿರುವಾಕತ್ತಿದ್ದ.

"ನೋಡವಾ, ತಿರುಗಿ ಬಂತು ಕಂಬಳಿ" ಅಂದ ಸೊಸಿಗೆ. "ಫೋನು ಒಳಗಿಡು. ನಾಳೆ ಸಂತಿಗೆ ಹೋಗೂಣು."

"ಇನ್ನೂ ತೀರ್ಪು ಆಗಿಲ್ರಿ ಮಾವಾ" ಅಂದ್ಲು ಆಕಿ. ಖರೆ, ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿದ್ಲು.

ನನಗ ನಾಚಿಕಿ ಆತು. ಮಾಸ್ತರ ಕಿವ್ಯಾಗ ಹೇಳಿದೆ: "ಸರ್, ಆ ಕಲಮು ನಡಿಯೂದಿಲ್ರಿ. ನೀವು ಮೈಸೂರಾಗ ಅರ್ಜಿ ಹಾಕಬಹುದಿತ್ತು."

"ಗೊತ್ತು ಸಾರ್" ಅಂದ್ರು. "ಮೂವತ್ತು ವರ್ಷ ಮಕ್ಕಳಿಗೆ, ಓದದೇ ಸಹಿ ಹಾಕಬೇಡಿ ಅಂತ ಪಾಠ ಮಾಡಿದೀನಿ. ನಾನು ಓದಿ ಒಪ್ಪಿದ್ದು. ಒಪ್ಪಿದ ಮೇಲೆ ಬರಬೇಕಲ್ಲ?"

ಅವರ ತಕರಾರು ಒಂದ ಇತ್ತು: ಕಂಬಳಿ ಚುಚ್ಚತೈತಿ.

ನಡುವ ಕುಂತಿದ್ದ ಹಿರಿಯಾ ಅಂದ: "ಚುಚ್ಚಲಿಲ್ಲಂದ್ರ ಅದು ಕಂಬಳಿ ಅಲ್ರಿ ಗುರುಗಳ, ಟಾವೆಲ್."

ಮಾವ ಎದ್ದು ನಿಂತ. "ನೂಲಿಗೆ ಹುಣಸಿ ಬೀಜದ ಗಂಜಿ ಕುಡಿಸಿರ್ತೀವ್ರಿ, ಅದಕ್ಕ ಬಿರಸು. ಹಾಸಿ, ಹೊದ್ದು, ಹೊಳ್ಳಾಡಿ ಮೆತ್ತಗ ಮಾಡಕೋಬೇಕು. ನಂದು ನೋಡ್ರಿ, ಬೆಣ್ಣಿ ಆಗೈತಿ."

"ಎಷ್ಟು ದಿನದಲ್ಲಿ ಆಯ್ತು?" ಮಾಸ್ತರು ಪೆನ್ನು ತಗದ್ರು.

"ಮಗನ ಲಗ್ನದಾಗ ನೇಯ್ದಿದ್ದು. ಈಗ ಮೊಮ್ಮಗಳು ಕಾಲೇಜಿಗೆ ಹೊಕ್ಕಾಳ."

ಹಿರಿಯರು ಮಾವನ ಕಂಬಳಿನ್ನ ಸಾಕ್ಷಿಗೆ ಕರಸಿದ್ರು. ಕಟ್ಟಿ ಮ್ಯಾಲೆ ಹಾಸಿ, ಒಮ್ಮೆ ಮಲಗಿ ನೋಡ್ರಿ ಅಂತ ಮಾಸ್ತರಿಗೆ ಹೇಳಿದ್ರು. ಅವರು ಕನ್ನಡಕ ತಗದು, ಫೈಲು ತಲಿ ಕೆಳಗಿಟ್ಟು ಮಲಗಿದ್ರು. ಮೈಸೂರಿಂದ ಬಸ್ಸಿನಾಗ ಬಂದ ಜೀವ. ಎರಡ ನಿಮಿಷಕ್ಕ ಗೊರಕಿ ಶುರುವಾತು.

ನಾವು ಕುಂತ್ವಿ. ಒಂದು ತಾಸಾತು. ಚಹಾ ಬಂತು, ಹೋತು. ನಾ ಏಳಾಕ ಹೋದ್ರ ಹಿರಿಯಾ ಕೈ ಹಿಡದು ಕುಂದ್ರಿಸಿದ. "ಫಿರ್ಯಾದಿ ಮಲಗಿದಾಗ ಕೋರ್ಟು ಏಳಬಾರದ್ರಿ ವಕೀಲರ. ನಿಮಗ ಇಷ್ಟೂ ಗೊತ್ತಿಲ್ಲೇನು?"

ಮಧ್ಯಾಹ್ನ ಊಟದ ಹೊತ್ತಿಗೆ ಮಾಸ್ತರು ಎದ್ರು. ಆಕಳಿಸಿ, ಕಂಬಳಿ ಎದಿಗೆ ಅವಚಿಕೊಂಡು, "ನನಗೆ ಇದೇ ಕೊಡಿ" ಅಂದ್ರು.

"ಅದು ನಂದು!" ಮಾವ ಒದರಿದ.

ಹಿರಿಯರು ಮೂರೂ ಮಂದಿ ಗುಡಿ ಹಿಂದ ಹೋಗಿ ಮಾತಾಡಿ ಬಂದ್ರು. ನಡುವಿನ ಹಿರಿಯಾ ಕೆಮ್ಮಿ ಹೇಳಿದ: "ಗುರುಗಳ ಕಂಬಳಿ ತಿರುಗಿ ಬಂದಿಲ್ಲ. ಮೆತ್ತಗ ಆಗಾಕ ಬಂದೈತಿ. ನೇಯ್ದಾವನ ಅದರ ಮ್ಯಾಲೆ ಮಲಗಿ, ಮೆತ್ತಗ ಮಾಡಿ, ಮೈಸೂರಿಗೆ ಕಳಸಬೇಕು. ಅಲ್ಲೀತನಕಾ ಅವನ ಹಳೇದು ಗುರುಗಳ ಕಡಿ ಜಾಮೀನು ಇರಲಿ. ಫೋನಿನ ವ್ಯಾಪಾರ ನಡೀಲಿ."

ಮಾವ ಬಾಯಿ ತಗದು ನಿಂತ. "ಅಂದ್ರ ನನಗ ಶಿಕ್ಷಾ ಏನು?"

"ಮಲಗೂದು."

ನಾ ಭಾಳ ಆರ್ಡರು ಓದೀನಿ. ಎದುರುದಾರಗ ಮಲಗು ಅಂತ ಆದೇಶ ಆಗಿದ್ದು ಮಾತ್ರ ಎಲ್ಲೂ ಓದಿದ್ದಿಲ್ಲ.

ಮಾಸ್ತರು ಮೈಸೂರಿಗೆ ಹೋಗಿ ತಮ್ಮ ಓಣಿ ಮಂದಿಗೆಲ್ಲಾ ಕಂಬಳಿ ತೋರಿಸಿದ್ರಂತ. ಈಗ ಸೊಸಿ ಫೋನಿಗೆ ಒಂದ ನಮೂನಿ ಆರ್ಡರು ಬರಾಕತ್ತಾವ: "ನಿಮ್ಮ ಮಾವನವರು ಮಲಗಿದ ಕಂಬಳಿ ಇದ್ದರೆ ಕಳುಹಿಸಿ."

ಹೋದ ವಾರ ಮಾವ ನನ್ನ ಆಫೀಸಿಗೆ ಬಂದ. ಸುಸ್ತಾಗಿ ಕುರ್ಚಿ ಮ್ಯಾಲೆ ಕುಂತ.

"ವಕೀಲರ, ಆ ಹನ್ನೊಂದನೇ ಕಲಮಿನ ತೀರ್ಪಿಗೆ ಅಪೀಲು ಐತೇನ್ರಿ?"

"ಅವರ ತೀರ್ಮಾನನ ಕೊನೇದು ಅಂತ ಬರದೀನಲ್ಲಾ. ಏನಾತು?"

"ಏನ್ ಹೇಳ್ಲಿ. ಹಗಲ ಎರಡ ಪಾಳಿ ಮಲಗತೀನಿ. ಅದೂ ನೆಟ್ಟಗ ಬಿಡೂದಿಲ್ಲ. ನಿದ್ದಿ ಹತ್ತಿದ ಕೂಡಲೇ ಸೊಸಿ ಬಂದು ಎಬ್ಬಸ್ತಾಳ. 'ಮಾವಾ, ಮಗ್ಗಲಾ ಬದಲಸ್ರಿ, ಆ ಕಡಿ ಇನ್ನೂ ಚುಚ್ಚತೈತಿ' ಅಂತಾಳ."