ಯುರೋಪಿನಲ್ಲಿ ನನ್ನ ಹಳದಿ ಹಗ್ಗ

ನನಗೆ ಈಗೀಗ ಒಂದು ಹೊಸ ಕಾಯಿಲೆ ಅಂಟಿಕೊಂಡಿದೆ. ಪಕ್ಕದಲ್ಲಿ ಯಾರೂ ಇಲ್ಲದ ಪೆಟ್ಟಿಗೆ ಕಂಡರೆ ಅದರ ಒಡೆಯ ಸಿಗುವವರೆಗೆ ಮುಂದೆ ಹೆಜ್ಜೆ ಇಡಲಾಗುವುದಿಲ್ಲ. ದೋಹಾ ಪಕ್ಕದ ಲುಸೈಲಿನ ನಮ್ಮ ಆಫೀಸಿನಲ್ಲಿ ಮೊನ್ನೆ ಲಿಫ್ಟಿನ ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಸುಮ್ಮನೆ ಕೂತಿತ್ತು. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು ಎಂದು ಹೋಗಿದ್ದರೆ ಆಗುತ್ತಿತ್ತು. ನಾನು ಗೋಡೆಗೆ ಬೆನ್ನು ಅಂಟಿಸಿ ನಿಂತು, "ಇದು ಯಾರದ್ದು? ಯಾರ ಪೆಟ್ಟಿಗೆ ಇದು?" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗಿದೆ. ಲೆಕ್ಕಪತ್ರ ವಿಭಾಗದ ಮಲಯಾಳಿ ಸಹೋದ್ಯೋಗಿ ತಲೆ ಹೊರಹಾಕಿ, ಮಗುವಿಗೆ ಹೇಳುವಂತೆ ಹೇಳಿದ: "ಸಾರ್, ಅದು ಪ್ರಿಂಟರ್ ಪೇಪರ್. ನೀವೇ ಆರ್ಡರ್ ಮಾಡಿದ್ದು."

ಇದರಲ್ಲಿ ನಗುವಂಥದ್ದು ಏನೆಂದರೆ, ಪೆಟ್ಟಿಗೆ ಎಂಬುದು ಈ ಊರಿನಲ್ಲಿ ನನಗೆ ಹೆಸರು ತಂದುಕೊಟ್ಟ ವಸ್ತು. ನಾನು ಓದಿದ್ದು ಎಂ.ಕಾಂ., ಮಾಡುವುದು ಆಡಿಟ್ ಕೆಲಸ. ಆದರೆ ನಮ್ಮ ಮನೆಯಿರುವ ಮುಐದರಿನ ಬೀದಿಯಲ್ಲಿ ನನ್ನನ್ನು ಆ ಕಾರಣಕ್ಕೆ ಯಾರೂ ನೆನೆಯುವುದಿಲ್ಲ. ಊರಿಗೆ ಹೊರಟವರೆಲ್ಲ ಬಂದು, "ಸುಧಾಕರಣ್ಣ, ಒಂದು ಪೆಟ್ಟಿಗೆ ಕಟ್ಟಿಕೊಡಬೇಕಿತ್ತಲ್ಲ" ಎನ್ನುತ್ತಾರೆ. ಪೆಟ್ಟಿಗೆ ಕಟ್ಟುವುದೆಂದರೆ ರಟ್ಟಿಗೆ ಟೇಪು ಸುತ್ತುವುದೆಂದು ತಿಳಿದವರು ಗಲ್ಫಿಗೆ ಹೊಸಬರು. ಮೊದಲು ದಪ್ಪ ರಟ್ಟಿನ ಸೇಬಿನ ಪೆಟ್ಟಿಗೆ ಹುಡುಕಬೇಕು. ಆಮೇಲೆ ಕಂದು ಟೇಪು, ಒಳಗಿನ ರಟ್ಟು ಒಂದಿಷ್ಟೂ ಕಾಣದ ಹಾಗೆ. ಅದರ ಮೇಲೆ ಹಳದಿ ನೈಲಾನ್ ಹಗ್ಗ, ಬಲೆಯ ಹಾಗೆ ಚೌಕ ಚೌಕವಾಗಿ. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ ನನ್ನ ಸೋದರಮಾವ ಕಲಿಸಿದ ಗಂಟು ನನ್ನದು. ಎಳೆದಷ್ಟೂ ಬಿಗಿಯುತ್ತದೆ, ಗುಟ್ಟು ಗೊತ್ತಿದ್ದವನು ಒಂದು ತುದಿ ಜಗ್ಗಿದರೆ ಪೂರಾ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಪೆಟ್ಟಿಗೆಯ ಎಲ್ಲ ಮೈಗೂ ಕಪ್ಪು ಮಾರ್ಕರಿನಲ್ಲಿ ಹೆಸರು, ಊರು, ಫೋನ್ ನಂಬರು. ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಅದು ಬರುವಾಗ ಮದುಮಗನ ಹಾಗೆ ಕಾಣಬೇಕು.

ಅಂಥ ಒಂದು ಪೆಟ್ಟಿಗೆಯನ್ನು ನಾನು ಈ ಈದ್ ರಜೆಯಲ್ಲಿ ಯುರೋಪಿಗೆ ಒಯ್ದೆ. ನನ್ನ ಮಗಳು ನಿಶ್ಮಿತಾ ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳೂ ಅವಳ ಜೊತೆ ಓದುವ ಇಬ್ಬರೂ ರಜೆಯಲ್ಲಿ ರೈಲಿನಲ್ಲಿ ಬೆಟ್ಟದ ಊರುಗಳನ್ನು ಸುತ್ತುವವರಿದ್ದರು. ಪಪ್ಪನೂ ಬರಲಿ ಎಂದು ಕರೆದಿದ್ದಳು. ಬಾಯಿಮಾತಿಗೆ ಕರೆದದ್ದೋ ಏನೋ, ನಾನು ಟಿಕೆಟ್ ಮಾಡಿಯೇ ಬಿಟ್ಟೆ. ಹೆಂಡತಿ ಶಶಿಕಲಾಳಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆ ಬೇಸರವನ್ನೆಲ್ಲ ಅವಳು ಪೆಟ್ಟಿಗೆಯೊಳಗೆ ತುಂಬಿದಳು: ಒಣ ಸಿಗಡಿ, ಒಣ ನಂಗು ಮೀನು, ಉಪ್ಪು ಬಂಗುಡೆ, ಅಕ್ಕಿಯ ಗರಿಗರಿ ಕೋರಿ ರೊಟ್ಟಿ, ಹಲಸಿನ ಹಪ್ಪಳ. ಹಾಲಿನ ಪದಾರ್ಥ, ಮಾಂಸ ತರಬಾರದು, ಮೀನಿಗೆ ಅಡ್ಡಿಯಿಲ್ಲ ಎಂದು ಮಗಳೇ ತಿಳಿಸಿದ್ದಳು. ಅವಳು ಹೇಳಿದ್ದು ಕಾನೂನಿನ ಮಾತು. ಅಮ್ಮ ಅದನ್ನು ಆಸೆಯ ಮಾತೆಂದು ತಿಳಿದಳು.

ವಿಮಾನ ತಡವಾಗಿತ್ತು. ಹುಡುಗರು ನಿಲ್ದಾಣಕ್ಕೇ ಬಂದಿದ್ದರು, ರೈಲಿನ ಹೊತ್ತಾಗಿತ್ತು, ಮಗಳ ಕೋಣೆಗೆ ಹೋಗಿ ಪೆಟ್ಟಿಗೆ ಇಟ್ಟು ಬರಲು ಸಮಯವಿರಲಿಲ್ಲ. ನಿಶ್ಮಿತಾ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ ಹಣೆ ಹಿಡಿದುಕೊಂಡಳು. "ಪಪ್ಪ, ಇದೆಂತ? ನಾನು ಟ್ರಾಲಿ ಬ್ಯಾಗ್ ಅಂತ ಕ್ಲಿಯರ್ ಆಗಿ ಹೇಳಿದ್ದೆ ಅಲ್ವಾ?"

"ಟ್ರಾಲಿಗೆ ಇಷ್ಟು ಹಿಡಿಯುವುದಿಲ್ಲ ಮಗಾ."

"ಜನ ನೋಡ್ತಾರೆ ಪಪ್ಪ!"

"ನೋಡಲಿ. ಇಂಥದ್ದು ಅವರು ಎಲ್ಲಿ ನೋಡಿರ್ತಾರೆ?"

ಈ ಮಾತು ಎಷ್ಟು ನಿಜವಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅವಳ ಗೆಳತಿ ಜೊವಿಟಾ ನಮ್ಮ ಉಡುಪಿ ಕಡೆಯ ಹುಡುಗಿ, ಅಪ್ಪ ಅಮ್ಮ ಇಲ್ಲೇ ದೋಹಾದ ಅಬು ಹಮೂರಿನಲ್ಲಿರುವವರು. ಪೆಟ್ಟಿಗೆಯ ಹತ್ತಿರ ಮೂಗು ತಂದವಳೇ ಕಣ್ಣು ಮುಚ್ಚಿ, "ಅಂಕಲ್, ಸಿಗಡಿ ಉಂಟಾ?" ಎಂದಳು. ಮೂರನೆಯವನು ಧಾರವಾಡದ ಗುರುರಾಜ. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದ, ಬಹಳ ಮರ್ಯಾದೆಯ ಹುಡುಗ. ಆ ಮರ್ಯಾದೆಯೇ ಅವನಿಗೆ ಮುಳುವಾಯಿತು. ರೈಲಿನಲ್ಲಿ ನಮ್ಮ ಸೀಟಿನ ಕೆಳಗೆ ಹೀಟರ್ ಇತ್ತು. ನಾನು ಪೆಟ್ಟಿಗೆಯನ್ನು ಸರಿಯಾಗಿ ಅದರ ಪಕ್ಕಕ್ಕೇ ತಳ್ಳಿದ್ದೆ. ಬಿಸಿ ಏರಿದ ಹಾಗೆ ಒಳಗಿನ ಬಂಗುಡೆಗೆ ಮಲ್ಪೆಯ ಬಿಸಿಲು ನೆನಪಾಯಿತು. ಎದುರಿನ ಸೀಟಿನವರು ಎದ್ದು ಬೇರೆ ಡಬ್ಬಿಗೆ ಹೋದರು. ಕಿಟಕಿಯ ಹೊರಗೆ ಹಿಮದ ಬೆಟ್ಟ, ಸರೋವರ, ಚರ್ಚಿನ ಗೋಪುರ. ಗುರುರಾಜ ಯಾವುದನ್ನೂ ನೋಡದೆ ಮಫ್ಲರಿನೊಳಗೆ ಮುಖ ಹುದುಗಿಸಿ ಕೂತಿದ್ದ.

"ಅಂಕಲ್, ತಪ್ಪ ತಿಳ್ಕೋಬ್ಯಾಡ್ರಿ. ಇದರಾಗ ಏನದರಿ?" ಎಂದು ಕೊನೆಗೆ ಕೇಳಿದ.

"ಸ್ವಲ್ಪ ರೊಟ್ಟಿ ಉಂಟು" ಎಂದೆ. ಅದು ಸುಳ್ಳಲ್ಲ.

"ರೊಟ್ಟಿ ನಮ್ಮೂರಾಗೂ ಮಾಡ್ತಾರ್ರಿ" ಎಂದಷ್ಟೇ ಹೇಳಿ ಅವನು ಮತ್ತೆ ಮಫ್ಲರಿನೊಳಗೆ ಹೋದ.

ನನಗೆ ಬಹಳ ಪಾಪ ಅನ್ನಿಸಿತು. ಬೆಟ್ಟದ ನಡುವಿನ ಒಂದು ಊರಿನಲ್ಲಿ ಬೇರೆ ರೈಲು ಹಿಡಿಯಬೇಕಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೇಳಲು ನಾಲಿಗೆ ತಿರುಗುವುದೂ ಇಲ್ಲ. ಇಳಿದವನು ಮೊದಲು ಮಾಡಿದ ಕೆಲಸ, ಪೆಟ್ಟಿಗೆಯನ್ನು ಗುರುರಾಜನಿಂದ ಆದಷ್ಟು ದೂರ ಒಯ್ದದ್ದು. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ, ಟಿಕೆಟ್ ಯಂತ್ರದ ಹಿಂದೆ, ಒಂದು ಕಂಬಕ್ಕೆ ಒರಗಿಸಿ ಇಟ್ಟೆ. ಯಾರಿಗೂ ಅಡ್ಡಿಯಿಲ್ಲ, ಯಾರ ಮೂಗಿಗೂ ತೊಂದರೆಯಿಲ್ಲ. ಕದಿಯುವವರ ಭಯವೂ ಇಲ್ಲ, ಎಲ್ಲ ಮೈಗೂ ನನ್ನ ಹೆಸರೇ ಇದೆಯಲ್ಲ! ಶಾಕಾಹಾರಿಗಳ ಮುಂದೆ ಮೀನು ಇಡದಿರುವುದು ನಮ್ಮ ಮನೆಯಲ್ಲಿ ಕಲಿಸಿದ ಸಂಸ್ಕಾರ. ಅದನ್ನು ಪರದೇಶದಲ್ಲೂ ಉಳಿಸಿಕೊಂಡೆನೆಂಬ ಸಮಾಧಾನದಿಂದ, "ಯಲ್ಲಾ, ಹೊರಡಿ, ಕಾಫಿ ಕುಡಿಯುವ" ಎಂದು ಹುಡುಗರನ್ನು ನಿಲ್ದಾಣದ ಎದುರಿನ ಬೇಕರಿಗೆ ಹೊರಡಿಸಿದೆ. "ಪೆಟ್ಟಿಗೆ?" ಎಂದು ಮಗಳು ಕೇಳಿದಾಗ, "ಸೇಫ್ ಉಂಟು" ಎಂದೆ.

ಬೇಕರಿಯಲ್ಲಿ ಬನ್ನು ಮುರಿಯುತ್ತಿರುವಾಗಲೇ ಫೋನ್ ಬಂತು. ಗೊತ್ತಿಲ್ಲದ ಪರದೇಶಿ ನಂಬರು. ಗಲ್ಫಿನ ಮನುಷ್ಯ ಕೈಯಲ್ಲಿ ಪ್ರಾಣ ಹಿಡಿದು ಓಡುತ್ತಿದ್ದರೂ ರೋಮಿಂಗಿನಲ್ಲಿ ಗೊತ್ತಿಲ್ಲದ ಕರೆ ಎತ್ತುವುದಿಲ್ಲ. ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. "ಯಾರೋ ಸಾಲ ಬೇಕಾ ಅಂತ ಕೇಳುವವರು. ಇಲ್ಲಿಯೂ ಬಿಡುವುದಿಲ್ಲ ನೋಡಿ" ಎಂದು ಹುಡುಗರಿಗೆ ವಿವರಿಸಿದೆ.

ಅಷ್ಟರಲ್ಲಿ ನಿಲ್ದಾಣದಿಂದ ಜನ ದಡಬಡನೆ ಹೊರಗೆ ಬರತೊಡಗಿದರು. ಪೊಲೀಸರ ಗಾಡಿಗಳು ಬಂದು ನಿಂತವು. ಕೆಂಪು ಬಿಳಿ ಪಟ್ಟಿ ಎಳೆದರು. ಬಂದೂಕು ಹಿಡಿದವರು ಒಳಗೆ ಓಡಿದರು. ಬೇಕರಿಯ ಹೆಂಗಸು ಎರಡು ಕೈಯನ್ನೂ ಅಗಲಿಸಿ "ಢಂ" ಎಂಬಂತೆ ತೋರಿಸಿದಳು. ನನಗೂ ಹೆದರಿಕೆಯಾಯಿತು. ಆದರೂ ನಿಜ ಹೇಳಬೇಕು, ಆ ಹೆದರಿಕೆಯಲ್ಲಿ ಒಂದು ಖುಷಿಯೂ ಇತ್ತು. ಇಷ್ಟು ವರ್ಷ ಲೆಕ್ಕ ತಪಾಸಣೆ ಮಾಡಿದ ಬಾಳಿನಲ್ಲಿ ನೋಡಿದ ಮೊದಲ ದೊಡ್ಡ ಅಪಾಯ ಅದು. ಮಗಳು ಕೋಟು ಹಿಡಿದು ಎಳೆಯುತ್ತಿದ್ದರೂ ಪಟ್ಟಿಯ ತನಕ ಹೋಗಿ, ಕತ್ತು ಉದ್ದ ಮಾಡಿ, ಫೋನ್ ಎತ್ತಿ ವಿಡಿಯೋ ತೆಗೆದೆ. ದೂರದಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಪುಟ್ಟ ಯಂತ್ರ, ಚೈನಿನ ಗಾಲಿ, ಉದ್ದ ಕೈ, ತೆವಳುತ್ತ ಹೋಗುತ್ತಿತ್ತು. "ಇಲ್ಲಿ ಬಾಂಬ್ ಸಿಕ್ಕಿದೆ. ನಾವು ಸೇಫ್. ಹೆದರಬೇಡ" ಎಂದು ಬರೆದು, ವಿಡಿಯೋ ಸಮೇತ ಮುಐದರಿನಲ್ಲಿದ್ದ ಹೆಂಡತಿಗೆ ಕಳಿಸಿದೆ. ಹೆದರಬೇಡ ಎಂದು ಬರೆಯುವಾಗ ಅವಳು ಸ್ವಲ್ಪವಾದರೂ ಹೆದರಲಿ ಎಂಬ ಆಸೆ ಇತ್ತು.

ಕೂಡಲೇ ಶಶಿಕಲಾಳ ವಾಟ್ಸಾಪ್ ಕರೆ ಬಂತು. ಅವಳ ದನಿ ವಿಚಿತ್ರವಾಗಿತ್ತು.

"ಇವರೇ, ಆ ವಿಡಿಯೋ ಸ್ವಲ್ಪ ದೊಡ್ಡದು ಮಾಡಿ ನೋಡಿ."

"ಯಾಕೆ? ನಾವು ದೂರ ಇದ್ದೇವೆ, ಎಂತ ಆಗುವುದಿಲ್ಲ."

"ಅದಲ್ಲ ಮಾರಾಯ್ರೆ. ಆ ಹಳದಿ ಹಗ್ಗ ನಮ್ಮದಲ್ವಾ?"

ಈಗಲೂ ಕಣ್ಣು ಮುಚ್ಚಿದರೆ ನನಗೆ ಕೇಳುವುದು ಆ ಮಾತು. ದೊಡ್ಡದು ಮಾಡಿ ನೋಡಿದೆ. ಕಂಬ, ಟಿಕೆಟ್ ಯಂತ್ರ, ಅದರ ಹಿಂದೆ ಮದುಮಗ. ನನ್ನ ಹೆಸರು, ಊರು, ಫೋನ್ ನಂಬರು. ಕತ್ತರಿಸಿದ ಆ ಕರೆಗಳು ಸಾಲ ಕೊಡುವವರದ್ದಲ್ಲ. ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳ ಮುಖ ಬಿಳಿಚಿಕೊಂಡಿತು. "ಪಪ್ಪ... ನನ್ನ ವೀಸಾ ರಿನ್ಯೂವಲ್ ಪೆಂಡಿಂಗ್ ಉಂಟು. ಪೊಲೀಸ್ ಕೇಸ್ ಆದ್ರೆ ಖಲಾಸ್. ಕೋರ್ಸ್ ಖಲಾಸ್." ಆಗ ನನಗೆ ನಿಜವಾದ ಹೆದರಿಕೆ ಬಂತು. ಬಾಂಬಿನ ಹೆದರಿಕೆ ಅದರ ಮುಂದೆ ಬರೀ ತಮಾಷೆ. ಈ ಮಗು ಜರ್ಮನ್ ಕಲಿತು, ರಜೆಯಲ್ಲಿ ಕೆಫೆಯಲ್ಲಿ ಲೋಟ ತೊಳೆದು, ಇನ್ನೊಂದು ಪರೀಕ್ಷೆ ಮುಗಿಸಿದರೆ ದಡ ಸೇರುವವಳಿದ್ದಳು. ಅವಳ ಓದನ್ನು ನಾನು ಒಣ ಬಂಗುಡೆಯಿಂದ ಮುಳುಗಿಸಿದೆನೇ?

ಅತ್ತ ಯಂತ್ರದ ಕೈ ಹಗ್ಗ ಹಿಡಿದು ಜಗ್ಗಿತು. ಹಗ್ಗ ಬಗ್ಗಲಿಲ್ಲ. ಮತ್ತೆ ಜಗ್ಗಿತು. ಗಂಟು ಇನ್ನೂ ಬಿಗಿಯಿತು. ಪೆಟ್ಟಿಗೆ ಯಂತ್ರದ ಹಿಂದೆ ತುಸು ದೂರ ಎಳೆದುಕೊಂಡು ಹೋಯಿತೇ ಹೊರತು ಬಾಯಿ ಬಿಡಲಿಲ್ಲ. ಆ ಗಳಿಗೆಯಲ್ಲೂ ನನ್ನೊಳಗೆ ಯಾರೋ, "ಶಾಭಾಸ್" ಎಂದದ್ದನ್ನು ಇಲ್ಲವೆನ್ನಲಾರೆ.

ಇನ್ನು ತಡೆದರೆ ಅದನ್ನು ಸಿಡಿಸಿಯೇ ಬಿಡುತ್ತಾರೆಂದು ಕಂಡಿತು. ಎರಡು ಕೈಯನ್ನೂ ಮೇಲೆತ್ತಿ ಪಟ್ಟಿ ದಾಟಿದೆ. "ಸರ್! ಫಿಶ್ ಸರ್! ಓನ್ಲಿ ಫಿಶ್!" ಬಂದೂಕುಗಳು ನನ್ನತ್ತ ತಿರುಗಿದವು. ಯಾರೋ ಗದರಿದರು. ಭಾಷೆ ತಿಳಿಯದಿದ್ದರೂ ಮೊಣಕಾಲಿಗೆ ಅರ್ಥವಾಯಿತು, ತಾನಾಗಿಯೇ ಮಡಚಿತು. ಬಂದೂಕಿನ ಬಾಯಿ ಅಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ಚಿಕ್ಕ ತೂತಿನ ಹಿಂದೆ ಅಷ್ಟೊಂದು ಕತ್ತಲೆ ಹೇಗೆ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತ ನೆಲದ ಮೇಲೆ ಕೂತಿದ್ದೆ. ಆಗ ಹಿಂದಿನಿಂದ ಮಗಳ ದನಿ ಕೇಳಿತು. ಜರ್ಮನ್. ಗಟ್ಟಿಯಾಗಿ, ನಿಧಾನವಾಗಿ, ಒಂದು ಕಡೆಯೂ ತಡವರಿಸದೆ. ಮನೆಯಲ್ಲಿ ಕನ್ನಡವನ್ನೂ ತುಳುವನ್ನೂ ಇಂಗ್ಲಿಷಿನ ಊರುಗೋಲಿಲ್ಲದೆ ಆಡದ ಹುಡುಗಿ, ಬಂದೂಕಿನ ಮುಂದೆ ಪರಭಾಷೆಯಲ್ಲಿ ಅಪ್ಪನ ವಕಾಲತ್ತು ಮಾಡುತ್ತಿದ್ದಳು. ಹಿರಿಯ ಅಧಿಕಾರಿ ಕೇಳುತ್ತ ಕೇಳುತ್ತ ಬಂದೂಕು ತಗ್ಗಿಸಲು ಸನ್ನೆ ಮಾಡಿದ. ಆಮೇಲೆ ಮೀಸೆಯಡಿಯಲ್ಲಿ ಸಣ್ಣಗೆ ನಕ್ಕ.

"ಎಂತ ಹೇಳಿದೆ ಮಗಾ?" ಎಂದು ಕೂತಲ್ಲಿಂದಲೇ ಪಿಸುಗುಟ್ಟಿದೆ.

"ನಮ್ಮಮ್ಮ ಕಳಿಸಿದ ತಿಂಡಿ ಅಂದೆ. ಅವರಿಗೂ ಅಮ್ಮ ಹೀಗೇ ಕಳಿಸ್ತಾರಂತೆ."

ಕಟ್ಟಿದವನು ನಾನು, ಹೊತ್ತವನು ನಾನು, ಮಂಡಿಯೂರಿದವನೂ ನಾನು. ಹೆಸರು ಮಾತ್ರ ಅಮ್ಮನಿಗೆ!

ಪೆಟ್ಟಿಗೆಯನ್ನು ಎಲ್ಲರ ಮುಂದೆ ನಾನೇ ಬಿಚ್ಚಬೇಕೆಂದರು. ಅಧಿಕಾರಿ ಚಾಕು ಚಾಚಿದ. ಬೇಡವೆಂದು ತಲೆಯಾಡಿಸಿ, ಸೋದರಮಾವನನ್ನು ನೆನೆದು, ಗುಟ್ಟಿನ ತುದಿ ಹಿಡಿದು ಜಗ್ಗಿದೆ. ಬಿಚ್ಚಲಿಲ್ಲ. ಯಂತ್ರ ಎಳೆದೆಳೆದು ಗಂಟು ಕಲ್ಲಾಗಿತ್ತು. ಕೊನೆಗೆ ಚಾಕು ಅವನೇ ಹಾಕಿದ. ಮುಚ್ಚಳ ತೆರೆದದ್ದೇ ಬಂದೂಕಿನವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಪೊಲೀಸ್ ನಾಯಿಯೊಂದೇ ನನ್ನ ಪಕ್ಷ ವಹಿಸಿ, ಪೆಟ್ಟಿಗೆಯ ಪಕ್ಕ ಕೂತು, ಎಷ್ಟು ಎಳೆದರೂ ಏಳಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ನಾವು ನಿಮಗೆ ಫೋನ್ ಮಾಡಿದೆವು" ಎಂದ. "ರೋಮಿಂಗ್, ಸರ್" ಎಂದೆ. ಬೈದ, ಎಚ್ಚರಿಸಿದ, ಮಗಳ ಹೆಸರಿಗೆ ಏನೂ ಬರೆದುಕೊಳ್ಳುವುದಿಲ್ಲವೆಂದು ಅವಳು ಎರಡು ಸಲ ಕೇಳಿದ್ದಕ್ಕೆ ಎರಡು ಸಲವೂ ಹೇಳಿ ಬಿಟ್ಟುಬಿಟ್ಟ. ನನ್ನಿಂದ ರೈಲು ತಪ್ಪಿದ ಇಡೀ ನಿಲ್ದಾಣದ ಜನರ ನೋಟದಲ್ಲಿ ಮಾತ್ರ ಕ್ಷಮೆ ಇರಲಿಲ್ಲ.

ಮುಂದಿನ ರೈಲು ಹತ್ತಿದ ಮೇಲೆ ಗುರುರಾಜ ಪೆಟ್ಟಿಗೆಯನ್ನು ಬಾಗಿಲ ಬಳಿಯ ಜಾಗಕ್ಕೆ ಎಳೆದುಕೊಂಡು, ಮಫ್ಲರನ್ನು ಮೂಗಿಗೆ ಬಿಗಿದು, ಅದರ ಮೇಲೇ ಕೂತುಬಿಟ್ಟ.

"ಏ ಗುರು, ಎಂತ ಮಾಡ್ತಾ ಇದ್ದಿ?" ಎಂದಳು ಜೊವಿಟಾ.

"ಇನ್ನ ಇದನ್ನ ನಾ ಬಿಡೂದಿಲ್ಲವಾ. ವಾಸನಿ ಬಂದ್ರ ಬರ್ಲಿ. ಅಂಕಲ್ ನನ್ನ ಸಲುವಾಗಿ ದೂರ ಇಡೂದ ಬ್ಯಾಡ, ನಾವೆಲ್ಲಾ ಒಳಗ ಹೋಗೂದ ಬ್ಯಾಡ."

ಮೂವರೂ ನಗತೊಡಗಿದರು, ನನಗೂ ತಡೆಯಲಾಗಲಿಲ್ಲ. ಮೊಟ್ಟೆ ಮುಟ್ಟದ ಮನೆಯ ಹುಡುಗ ಮೀನಿನ ಮೇಲೆ ಸಿಂಹಾಸನವೇರಿದಂತೆ ಕೂತು ಉಳಿದ ಯುರೋಪನ್ನೆಲ್ಲ ನೋಡಿದ. ಅಂಥ ಚೆಂದದ ಪ್ರವಾಸ ನಾನು ಹಿಂದೆಂದೂ ಮಾಡಿರಲಿಲ್ಲ.

ಮರಳಿ ಬಂದವನು ಇನ್ನು ಪೆಟ್ಟಿಗೆ ಕಟ್ಟುವುದಿಲ್ಲವೆಂದು ಸಾರಿದೆ. ಬೀದಿಯವರು ತಮಾಷೆ ಮಾಡಿದರು, ನಾನು ಕರಗಲಿಲ್ಲ. ಮಗಳ ವೀಸಾ ಬಂತೆಂಬ ಸುದ್ದಿ ತಲುಪಿದ ವಾರವೇ, ಇಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚ್ ಮುಗಿಸಿ ಜೊವಿಟಾಳ ತಾಯಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಸಿಗಡಿಯ ಚೀಲ. ಅವರ ನೆಂಟರೊಬ್ಬರು ಜರ್ಮನಿಗೆ ಹೊರಟಿದ್ದರು.

"ಇಲ್ಲ ಬಾಯಮ್ಮ, ನಾನು ಬಿಟ್ಟಿದ್ದೇನೆ" ಎಂದೆ.

"ಹಾಗೆ ಹೇಳಬೇಡಿ ಮಾರಾಯ್ರೆ. ನಿಮ್ಮ ಗಂಟು ಪೊಲೀಸರ ಮಿಷನಿಗೂ ಬಿಚ್ಚಲಿಕ್ಕಾಗಲಿಲ್ಲ ಅಂತೆ. ನಮ್ಮ ಜೊವಿಟಾ ಎಲ್ಲರಿಗೂ ಹೇಳಿಕೊಂಡು ಬರ್ತಾಳೆ."

ಇಂಥ ಮಾತು ಕೇಳಿಯೂ ಸುಮ್ಮನಿರಲು ನಾನೇನು ಕಲ್ಲೇ? ಸೇಬಿನ ಪೆಟ್ಟಿಗೆ ಬಂತು, ಟೇಪು ಬಂತು, ಹಳದಿ ಹಗ್ಗ ಬಂತು. ಹಿಂದೆಂದೂ ಕಟ್ಟದ ಹಾಗೆ ಕಟ್ಟಿದೆ. ಅವರು ಸಂಜೆ ಬಂದು ಒಯ್ಯುತ್ತೇನೆಂದು ಹೋದರು. ಪೆಟ್ಟಿಗೆ ಹಜಾರದ ನಡುವೆ ಒಂಟಿಯಾಗಿ ಕೂತಿತು. ನಾನು ಕೈ ತೊಳೆಯಲೆಂದು ಎದ್ದೆ, ಬಾಗಿಲ ತನಕ ಹೋದೆ, ತಿರುಗಿ ನೋಡಿದೆ, ವಾಪಸ್ ಬಂದೆ.

ಶಶಿಕಲಾ ಚಹಾ ತಂದವಳು ನಿಂತಲ್ಲೇ ನಿಂತು ನೋಡಿದಳು. "ಇವರೇ, ನಿಮಗೆ ಎಂತ ಮರ್ಲಾ, ತಲೆ ಸರಿ ಉಂಟಾ? ಇದು ನಮ್ಮದೇ ಮನೆ. ಇಳಿಯಿರಿ ಅದರಿಂದ."

ಚಹಾ ಇಲ್ಲಿಗೇ ಕೊಡು ಎಂದೆ.